ಸಂತನ ಅಂಗಿಯೊಳಗಿನ ಆಲೂಗಡ್ಡೆ

ನಮ್ಮೂರು ಪುಂತಾ ಮಾಕಿಯಲ್ಲಿ "ಹೊಟ್ಟೆ ತಣ್ಣಗಿರಲಿ" ಎಂದು ಯಾರನ್ನೂ ಹರಸುವ ಹಾಗಿಲ್ಲ. ಜೂನ್ ಬಂತೆಂದರೆ ಇಲ್ಲಿ ಹೊಟ್ಟೆ, ಬೆನ್ನು, ಹಾಸಿಗೆ, ಗುಡಿಯ ತೀರ್ಥ ಎಲ್ಲವೂ ತಾವಾಗಿಯೇ ತಣ್ಣಗಾಗುತ್ತವೆ, ಅದಕ್ಕೆ ಯಾರ ಆಶೀರ್ವಾದವೂ ಬೇಕಿಲ್ಲ. ಚಿಲಿಯ ಈ ದಂಡೆಗೆ ದಕ್ಷಿಣ ಧ್ರುವದ ಕಡೆಯಿಂದ ಬರುವ ನೀರು ಬೇಸಿಗೆಯಲ್ಲೇ ಹಲ್ಲು ಕಟಕಟಿಸುತ್ತದೆ, ಇನ್ನು ಚಳಿಗಾಲದಲ್ಲಿ ಕೇಳಬೇಕೆ. ಅಂಥ ನೀರಿಗೆ ಕೆಲಸವಿಲ್ಲದೆ, ಬರೀ ಖುಷಿಗೆ, ಮೂವತ್ತು ವರ್ಷ ಇಳಿದವನ ಕತೆ ಇದು. ಹೆಸರು ಬೆಲಾರ್ಮಿನೊ ಯೇವೆನೆಸ್. ಅವನ ಮಗಳ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡು ನಿಂತವಳು ನಾನು, ಸುನಿಲ್ದಾ. ಅಂದಿನಿಂದ ಅವನು ನನಗೆ ಕೊಂಪಾದ್ರೆ, ನಾನು ಅವನಿಗೆ ಕೊಮಾದ್ರೆ. ಬೀಗರಿಗಿಂತ ಹತ್ತಿರದ ನಂಟು ಇದು, ಬೈಯಲು ಒಡಹುಟ್ಟಿದವರಷ್ಟೇ ಹಕ್ಕಿರುತ್ತದೆ. ಆ ಹಕ್ಕಿನಿಂದಲೇ ಹೇಳುತ್ತೇನೆ: ಮನುಷ್ಯ ಚಿನ್ನದಂಥವನು, ಆದರೆ ತಲೆಯಲ್ಲಿ ಒಂದು ಸ್ಕ್ರೂ ಸಡಿಲ.

ಅವನ ಕಸುಬು ಕೊಚಾಯುಯೊ ಕೊಯ್ಯುವುದು. ಬಂಡೆಗಳಿಗೆ ಕಚ್ಚಿಕೊಂಡು ಬೆಳೆಯುವ, ಚರ್ಮದ ಬೆಲ್ಟಿನಷ್ಟು ಗಟ್ಟಿಯಾದ ಕಡಲ ಸೊಪ್ಪು ಅದು. ಬೇಸಿಗೆಯಲ್ಲಿ ಕೊಯ್ದು ಒಣಗಿಸಿ ಕಂತೆ ಕಟ್ಟಿಟ್ಟರೆ ವರ್ಷವಿಡೀ ಸಾರಿಗಾಗುತ್ತದೆ. ಕೊಯ್ದದ್ದನ್ನು ದಡಕ್ಕೆ ತರುವಾಗ ಎಲ್ಲರೂ ಮೂಟೆಗೆ ಹಗ್ಗ ಕಟ್ಟಿ ಎಳೆಯುತ್ತಾರೆ. ಇವನು ಮೂಟೆಯ ಮೇಲೆ ಬೋರಲು ಮಲಗಿ ಅಲೆಯ ಜೊತೆ ಬರುತ್ತಿದ್ದ. ಒಂದು ದಿನ ಎದ್ದೇ ನಿಂತ. ಅಲೆ ಸವಾರಿಗೆಂದು ಹೊರಗಿನಿಂದ ಬಂದಿದ್ದ ಉದ್ದ ಕೂದಲಿನವನೊಬ್ಬ ಇದನ್ನು ಬಾಯಿ ಬಿಟ್ಟು ನೋಡಿ, ಊರು ಬಿಡುವಾಗ ತನ್ನ ಸೀಳುಬಿಟ್ಟ ಹಲಗೆಯನ್ನೂ ಹರಿದ ರಬ್ಬರ್ ಸೂಟನ್ನೂ ಇವನಿಗೆ ಬಿಟ್ಟುಹೋದ. ಬೆಲಾರ್ಮಿನೊ ಹಲಗೆಗೆ ದೋಣಿಗೆ ಬಳಿಯುವ ಡಾಂಬರು ಬಳಿದ, ಸೂಟಿಗೆ ಲಾರಿ ಟ್ಯೂಬಿನ ತೇಪೆ ಹಾಕಿದ. ಒಳ್ಳೆಯ ಅಲೆ ಏಳುವುದು ಚಳಿಗಾಲದಲ್ಲೇ, ಸೊಪ್ಪಿನ ಕೆಲಸವಿಲ್ಲದಿರುವುದೂ ಆಗಲೇ. ಹೀಗಾಗಿ ಊರಿನ ಗಂಡಸರೆಲ್ಲ ಒಲೆಯ ಮುಂದೆ ಬೀಡುಬಿಟ್ಟಿರುವಾಗ ಇವನೊಬ್ಬ ಹಲಗೆ ಹೊತ್ತು ನನ್ನ ಅಂಗಡಿಯ ಮುಂದೆ ಕಡಲಿಗೆ ಇಳಿದು ಹೋಗುತ್ತಿದ್ದ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ.

ಚಳಿ ತಡೆಯಲು ಅವನು ಮಾಡದ ಪ್ರಯೋಗವಿಲ್ಲ. ಮೊದಲು ಸೂಟಿನೊಳಗೆ ಹಳೆಯ ಪೇಪರು ತುರುಕಿಕೊಂಡ. ಹೊರಗೆ ಬಂದಾಗ ಎದೆಯ ಮೇಲೆ ಫುಟ್‌ಬಾಲ್ ಪಂದ್ಯದ ಫಲಿತಾಂಶ ಉಲ್ಟಾ ಅಚ್ಚಾಗಿತ್ತು. ಆಮೇಲೆ ಕಡಲಸಿಂಹದ ಕೊಬ್ಬು ಬಳಿದುಕೊಂಡ. ಚಳಿಯೇನೋ ನಿಂತಿತು, ಆದರೆ ಎರಡು ವಾರ ಊರಿನ ನಾಯಿಗಳೆಲ್ಲ ಅವನ ಹಿಂದೆ ಮೆರವಣಿಗೆ ಹೊರಟವು. ಒಂದು ಹೆಣ್ಣು ಕಡಲಸಿಂಹ ದಡದವರೆಗೂ ಬಂದು ಅವನ ಮನೆಯ ಕಡೆ ನೋಡುತ್ತ ಕೂತಿತ್ತೆಂದು ಮೀನುಗಾರರು ಇವತ್ತಿಗೂ ಆಣೆ ಇಟ್ಟು ಹೇಳುತ್ತಾರೆ. ಮೂರನೆಯದು ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿಯ ಪುಡಿ. ಕಾಲುಚೀಲದೊಳಗೆ ಮಾತ್ರ ಉದುರಿಸಿಕೋ ಎಂದು ನಾನು ಹೇಳಿದ್ದೆ. ಕೇಳಲಿಲ್ಲ. ಮೂರು ದಿನ ನಿಂತುಕೊಂಡೇ ಊಟ ಮಾಡಿದ. ಬಿಸಿನೀರು ಒಳಗಿನಿಂದಲೇ ಬರುವ ಇನ್ನೊಂದು ಉಪಾಯವೂ ಇದೆ. ರಬ್ಬರ್ ಸೂಟು ಹಾಕಿದವರೆಲ್ಲ ಅದನ್ನು ಮಾಡುತ್ತಾರೆ, ಯಾರೂ ಒಪ್ಪಿಕೊಳ್ಳುವುದಿಲ್ಲ. ಅದರ ಬಿಸಿ ಎಣಿಸಿ ಇಪ್ಪತ್ತು ಮುಗಿಯುವಷ್ಟರಲ್ಲಿ ಆರುತ್ತದೆಯಂತೆ.

ಕೊನೆಗೆ ದಾರಿ ತೋರಿಸಿದವಳು ಅವನ ಹೆಂಡತಿ ಒತೀಲಿಯಾ. ಮಕ್ಕಳು ಶಾಲೆಗೆ ನಡೆದು ಹೋಗುವಾಗ ಜೇಬಿಗೆ ಒಂದೊಂದು ಸುಟ್ಟ ಆಲೂಗಡ್ಡೆ ಹಾಕಿ ಕಳಿಸುವುದು ನಮ್ಮಲ್ಲಿ ಅಜ್ಜಿಯರ ಕಾಲದ ರೂಢಿ. ದಾರಿಯುದ್ದಕ್ಕೂ ಕೈಗೆ ಬಿಸಿ, ತಲುಪಿದ ಮೇಲೆ ಹೊಟ್ಟೆಗೆ ತಿಂಡಿ. ಒತೀಲಿಯಾ ಹನ್ನೆರಡು ಆಲೂಗಡ್ಡೆಗಳನ್ನು ಒಲೆಯ ಬಿಸಿ ಬೂದಿಯಲ್ಲಿ ಹೂತು ಬೇಯಿಸಿ, ಒಂದೊಂದಕ್ಕೂ ಉಣ್ಣೆಯ ಪುಟ್ಟ ಚೀಲ ಹೆಣೆದು ತೊಡಿಸಿ, ಗಂಡನ ಸೂಟಿನೊಳಗೆ ಇಟ್ಟಳು. ಕಂಕುಳಲ್ಲಿ ಎರಡು, ಹೊಟ್ಟೆಯ ಮೇಲೆ ನಾಲ್ಕು, ಸೊಂಟದ ಹಿಂದೆ ನಾಲ್ಕು. ಉಳಿದೆರಡು ಎಲ್ಲಿ ಎಂದು ನಾನು ಹೇಳುವುದು ಚೆನ್ನಾಗಿರುವುದಿಲ್ಲ. ಅವನು ನಡೆದು ಬಂದರೆ ಸಂತೆಯ ಗೋಣಿಚೀಲಕ್ಕೆ ಕಾಲು ಬಂದ ಹಾಗಿರುತ್ತಿತ್ತು. ಆದರೆ ಕೆಲಸ ಮಾಡಿತು. ಆಲೂಗಡ್ಡೆ ಆರಿದ ಕೂಡಲೇ ನೀರಿನಿಂದ ಹೊರಗೆ, ಇದು ಒತೀಲಿಯಾಳ ಕಟ್ಟುನಿಟ್ಟು. ಹೊರಗೆ ಬಂದ ಮೇಲೆ ಅವನು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಅದೇ ಆಲೂಗಡ್ಡೆಗಳನ್ನು ಸುಲಿದು, ಬೆಣ್ಣೆ ಹಚ್ಚಿ ತಿನ್ನುತ್ತಿದ್ದ. ಪಕ್ಕದಲ್ಲಿದ್ದವರಿಗೂ ಧಾರಾಳವಾಗಿ ಕೊಡಲು ಹೋಗುತ್ತಿದ್ದ. ಎಲ್ಲರಿಗೂ ಆಗ ತಾನೇ ಊಟವಾಗಿರುತ್ತಿತ್ತು.

ಹೀಗೆ ಎಷ್ಟೋ ವರ್ಷ ನಡೆಯಿತು. ಆದರೆ ಅರವತ್ತು ದಾಟಿದ ಮೈ ಇಪ್ಪತ್ತರ ಮಾತು ಕೇಳುತ್ತದೆಯೇ? ಒಂದು ಚಳಿಗಾಲದ ಸಂಜೆ ಅಲೆಗಳು ಸಾಲುಗಟ್ಟಿ ಬಂದವು, ಇವನು ಆಲೂಗಡ್ಡೆ ಆರಿದ್ದನ್ನು ಲೆಕ್ಕಿಸದೆ ನೀರಿನಲ್ಲೇ ಉಳಿದ. ತುಟಿ ನೀಲಿಯಾಗಿ, ಕುಡಿದವನ ಹಾಗೆ ತೂರಾಡುತ್ತ ಮನೆಗೆ ಬಂದ. ಒತೀಲಿಯಾ ಚಹಾ ಕೊಟ್ಟಳು. ಬಹಳ ಮರ್ಯಾದೆಯಿಂದ ಲೋಟ ತೆಗೆದುಕೊಂಡು, ತಮ್ಮಿಂದ ಉಪಕಾರವಾಯಿತು, ತಾವು ಯಾರು, ಇದು ಯಾರ ಮನೆ ಎಂದು ಕೇಳಿದ. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು. ಊರವರು ಇದನ್ನು ಹೇಳಿಕೊಂಡು ವಾರಗಟ್ಟಲೆ ನಕ್ಕರು. ನಾನೂ ನಕ್ಕೆ, ಮನೆಗೆ ಹೋಗಿ ಅತ್ತೆ. ಮಾರನೆಯ ದಿನ ಒತೀಲಿಯಾ ಹಲಗೆಯನ್ನು ಕೋಳಿಗೂಡಿಗೆ ಬಾಗಿಲಾಗಿ ನಿಲ್ಲಿಸಿ ಮೊಳೆ ಹೊಡೆದಳು. ಚಳಿಗಾಲದ ನೀರು ಇನ್ನು ಸಾಕು ಎಂದಳು. ಅವನು ಆಗಲಿ ಎಂದು ತಲೆ ಅಲ್ಲಾಡಿಸಿದ, ಬೆಚ್ಚಗಾದ ಮೇಲೆ ಅವನಿಗೂ ಭಯವಾಗಿತ್ತು.

ಈಗ ಸಂತ ಪೇದ್ರೊವಿನ ವಿಷಯಕ್ಕೆ ಬರುತ್ತೇನೆ. ಮೀನುಗಾರರನ್ನು ಕಾಯುವ ಸಂತ ಅವನು. ಪ್ರತಿ ವರ್ಷ ಜೂನ್ ಇಪ್ಪತ್ತೊಂಬತ್ತಕ್ಕೆ ಅವನನ್ನು ಗುಡಿಯಿಂದ ಇಳಿಸಿ, ಸಿಂಗರಿಸಿದ ದೋಣಿಯಲ್ಲಿ ಕೂರಿಸಿ, ಕಡಲಸಿಂಹದ ಬಂಡೆಯನ್ನು ಒಂದು ಸುತ್ತು ಹಾಕಿಸಿ ತರಬೇಕು. ಹೊರಡುವ ಮುಂಚೆ ಹರಕೆ ಹೊತ್ತವರು ಅವನ ನಿಲುವಂಗಿಗೆ ಏನಾದರೂ ಸಿಕ್ಕಿಸುತ್ತಾರೆ, ರಿಬ್ಬನ್ನೋ, ಹೆಣೆದ ಹೂವೋ, ಹುಷಾರಾದ ಮಗುವಿನ ಕಾಲುಚೀಲವೋ. ಸಂತ ಕಡಲು ನೋಡದ ವರ್ಷ ಕಡಲೂ ನಮ್ಮನ್ನು ನೋಡುವುದಿಲ್ಲ ಎಂಬುದು ನಂಬಿಕೆ. ಈ ಎಲ್ಲದರ ಉಸ್ತುವಾರಿಗೆ ವರ್ಷಕ್ಕೊಬ್ಬ ಯಜಮಾನಿ. ಸರದಿ ಮನೆಯಿಂದ ಮನೆಗೆ ಬರುತ್ತದೆ, ನೂಕಾಟದಲ್ಲಿ ಒಬ್ಬೊಬ್ಬರದು ತಪ್ಪಿಯೂ ಹೋಗುತ್ತದೆ. ಒತೀಲಿಯಾ ಮೂವತ್ತೊಂದು ವರ್ಷ ಕಾದಿದ್ದಳು. ಹಲಗೆಗೆ ಮೊಳೆ ಬಿದ್ದ ಮರುವರ್ಷ ಅವಳ ಸರದಿ ಬಂತು. ಮಾರ್ಚಿನಿಂದಲೇ ಸಂತನಿಗೆ ಹೊಸ ನಿಲುವಂಗಿ ಹೊಲಿಯುತ್ತ ಕೂತವಳು ನಾಲ್ಕು ಕೆ.ಜಿ. ತೂಕ ಇಳಿದಳು.

ಜೂನ್ ಇಪ್ಪತ್ತೈದಕ್ಕೆ ಕಡಲು ಎದ್ದಿತು. ಅಲೆಗಳು ಗುಡಿಯ ಎತ್ತರಕ್ಕೆ ಬಂದು ಒಡೆಯುತ್ತಿದ್ದವು. ಬಂದರಿನ ಅಧಿಕಾರಿ ಕೆಂಪು ಬಾವುಟ ಏರಿಸಿ, ಯಾವ ದೋಣಿಯೂ ನೀರಿಗಿಳಿಯಕೂಡದು ಎಂದ. ಅವನು ಹೇಳದಿದ್ದರೂ ಇಳಿಯುವಷ್ಟು ಹುಚ್ಚು ಯಾರಿಗೂ ಇರಲಿಲ್ಲ. ಇಪ್ಪತ್ತೆಂಟಕ್ಕೂ ಬಾವುಟ ಇಳಿಯಲಿಲ್ಲ. ಆಗ ಯಾರಿಗೋ ಹೊಳೆಯಿತು: ಹಲಗೆಯ ಮೇಲೆ ಹೋಗುವವರನ್ನು ಬಾವುಟ ತಡೆಯುವುದಿಲ್ಲ. ಅಲೆ ಸವಾರಿಗೆಂದು ರಾಜಧಾನಿಯಿಂದ ವ್ಯಾನಿನಲ್ಲಿ ಬಂದಿದ್ದ ಇಬ್ಬರು ಯುವಕರನ್ನು ಕೇಳಿದರು. ಅವರು ಅರ್ಧ ಗಂಟೆ ಕಡಲನ್ನು ನೋಡಿ, ವ್ಯಾನಿನೊಳಗೆ ಹೋಗಿ, ಬಾಗಿಲು ಹಾಕಿಕೊಂಡು ಊಟ ಮಾಡಿದರು. ಆಮೇಲೆ ಊರಿಗೆ ಊರೇ ಒತೀಲಿಯಾಳ ಕೋಳಿಗೂಡಿನ ಬಾಗಿಲಿನ ಕಡೆ ತಿರುಗಿತು.

ಆ ಮಧ್ಯಾಹ್ನ ನಾನು ಅವರ ಮನೆಯಲ್ಲೇ ಊಟಕ್ಕಿದ್ದೆ. ಬೆಲಾರ್ಮಿನೊ ಸಾರು ಮುಗಿಸಿ, ಚಮಚ ಕೆಳಗಿಟ್ಟು, ಕೊಟ್ಟಿಗೆಗೆ ಹೋಗಿ ಮೊಳೆ ಕೀಳುವ ಇಕ್ಕಳ ತಂದ.

"ಸಂತ ಈ ವರ್ಷ ಮನೇಲೇ ಇರ್ಲಿ" ಎಂದಳು ಒತೀಲಿಯಾ. "ಆಡ್ಕೊಳ್ಳೋರು ಆಡ್ಕೊಳ್ಳಲಿ. ನೀನು ಹೋಗ್ಬೇಡ ಮುದುಕಾ."

"ಮೂವತ್ತೊಂದು ವರ್ಷ ಕಾದಿದೀಯ."

"ಕಾದಿದ್ದು ನಿನ್ನ ಹೆಣ ಎತ್ತೋಕಲ್ಲ."

ಅವನು ಇಕ್ಕಳವನ್ನು ಪ್ಯಾಂಟಿಗೆ ಒರೆಸಿದ. ಸಂತ ಹೊರಗೆ ಬಾರದ ವರ್ಷ ಯಾವುದೆಂದು ಕೇಳಿದರೆ ಒತೀಲಿಯಾಳ ವರ್ಷ ಎಂದು ಇವಳ ಮೊಮ್ಮಕ್ಕಳ ಕಾಲದವರೆಗೂ ಹೇಳುತ್ತಾರೆ, ಅದನ್ನು ಕೇಳಿಕೊಂಡು ಬೆಚ್ಚಗೆ ಕೂತಿರಲು ತನ್ನಿಂದಾಗದು ಎಂದು ನನಗೆ ಹೇಳಿದ, ಹೆಂಡತಿಗೆ ಹೇಳಲು ನಾಚಿಕೆಯಾಗಿ. ಆಮೇಲೆ ಅವಳ ಕಡೆ ತಿರುಗಿದ.

"ಆಲೂಗಡ್ಡೆ ಸುಡು. ಹನ್ನೆರಡು ಸಾಲಲ್ಲ. ಇಪ್ಪತ್ತು."

ಅವಳು ನನ್ನ ಮುಖ ನೋಡಿದಳು. ಬೇಡ ಅನ್ನು ಎಂದು ಕೇಳುವ ಹಾಗಿತ್ತು ಆ ನೋಟ. ನಾನು ಅನ್ನಲಿಲ್ಲ. ಸಂತ ಹೊರಡಬೇಕು ಎಂದು ನನಗೂ ಒಳಗೊಳಗೆ ಆಸೆಯಿತ್ತು, ನನ್ನ ಅಂಗಡಿ ನಡೆಯುವುದೂ ಮೀನುಗಾರರಿಂದಲೇ. ಇವತ್ತಿಗೂ ಆ ಮೌನಕ್ಕೆ ನನ್ನನ್ನು ನಾನು ಬೈದುಕೊಳ್ಳುತ್ತೇನೆ.

ಮಾರನೆಯ ಬೆಳಿಗ್ಗೆ ಹೊಸ ತಲೆನೋವು ಶುರುವಾಯಿತು. ಸಂತ ಮೂರಡಿ ಎತ್ತರದ, ಒಳಗೆ ಟೊಳ್ಳಾದ ಪ್ಲಾಸ್ಟರ್ ಗಾರೆಯ ಮೂರ್ತಿ. ಹಲಗೆಯ ಮೇಲೆ ಮಲಗಿಸಿ ಒಯ್ದರೆ ಬಂಡೆ ಸುತ್ತುವಷ್ಟರಲ್ಲಿ ಸಾರಿನಲ್ಲಿ ಬಿದ್ದ ಬ್ರೆಡ್ಡಿನ ಹಾಗೆ ಕರಗಿ ಹೋಗುತ್ತಾನೆ. ಶಾಲೆಯ ಮೇಡಂ ತನ್ನ ಹತ್ತು ವರ್ಷದ ಮಗಳ ರಬ್ಬರ್ ಸೂಟು ತಂದುಕೊಟ್ಟಳು. ನೇರಳೆ ಬಣ್ಣ, ಎದೆಯ ಮೇಲೆ ನಗುವ ಡಾಲ್ಫಿನ್ ಚಿತ್ರ. ನಾಲ್ಕು ಹೆಂಗಸರು ಸೇರಿ ಸಂತನಿಗೆ ಅದನ್ನು ತೊಡಿಸಿದೆವು. ಗಾರೆಯ ಕೈ ಮಡಚುವುದಿಲ್ಲವಲ್ಲ, ಸ್ವರ್ಗದ ಕೀಲಿಕೈ ಹಿಡಿದ ಬಲಗೈಯನ್ನು ತೋಳಿನಲ್ಲಿ ತೂರಿಸಲು ಅಡುಗೆ ಎಣ್ಣೆ ಹಚ್ಚಬೇಕಾಯಿತು. ಮೇಲೆ ಒತೀಲಿಯಾಳ ಹೊಸ ನಿಲುವಂಗಿ, ಎದೆಯ ಮುಂದೆ ತೆರೆದ ಹಾಗೆ. ವರ್ಷವಿಡೀ ಮೇಣದಬತ್ತಿಯ ಬಿಸಿಗೆ ಮೈಯೊಡ್ಡಿ ನಿಂತವನು, ಪಾಪ, ಚಳಿ ತಡೆಯುತ್ತಾನೋ ಇಲ್ಲವೋ ಎಂದು ಹೆಂಗಸರು ಮರುಗಿದರು. ಬೆಲಾರ್ಮಿನೊ ತಡೆಯುತ್ತಾನೋ ಎಂದು ಯಾರೂ ಕೇಳಿದ ನೆನಪಿಲ್ಲ.

ಒತೀಲಿಯಾ ಇಪ್ಪತ್ತು ಆಲೂಗಡ್ಡೆ ಸುಟ್ಟು, ಒಂದೊಂದಕ್ಕೂ ಉಣ್ಣೆಯ ಚೀಲ ತೊಡಿಸಿ, ಬುಟ್ಟಿಗೆ ಕಂಬಳಿ ಮುಚ್ಚಿ ದಡಕ್ಕೆ ತಂದಳು. ಗಂಡ ದೋಣಿಮನೆಯಲ್ಲಿ ಸೂಟು ಹಾಕಿಕೊಳ್ಳುತ್ತಿದ್ದ. ಅಷ್ಟರಲ್ಲಿ ಪಾದ್ರಿ ಅನ್ಸೆಲ್ಮೊ ಯಜಮಾನಿಯನ್ನು ಮೆರವಣಿಗೆಯ ಬಾವುಟ ಹಿಡಿಯಲು ಕರೆದರು. ಅವಳು ಬುಟ್ಟಿಯನ್ನು ಸಂತನ ಪೀಠದ ಪಕ್ಕ ಇಟ್ಟು ಹೋದಳು. ಅಲ್ಲೇ ಆದದ್ದು ಅನಾಹುತ.

ಹರಕೆಯ ಸಾಲು ಹೊರಟಿತ್ತು. ಸಾಲಿನ ಮೊದಲಿಗೆ ಊರಿನ ಹಿರಿಯಜ್ಜಿ ಫಿಲೊಮೆನಾ, ತೊಂಬತ್ತೊಂದು ವರ್ಷ, ಕಣ್ಣು ಮಂಜು. ಕೈಗೆ ಬುಟ್ಟಿ ತಾಗಿತು. ಒಳಗೆ ಬೆಚ್ಚಗಿನ, ಹೆಣೆದ, ಮುದ್ದಾದ ಪುಟ್ಟ ಪುಟ್ಟ ಗಂಟುಗಳು. ಈ ವರ್ಷದ ಯಜಮಾನಿ ರಿಬ್ಬನ್ನಿನ ಬದಲು ಇದನ್ನು ಇಟ್ಟಿದ್ದಾಳೆ, ಬುದ್ಧಿವಂತೆ, ಸಂತನ ಚಳಿಗೂ ಆಗುತ್ತದೆ ಎಂದು ಅಜ್ಜಿ ತಿಳಿದಳು. ಒಂದನ್ನು ತೆಗೆದು, ಮುತ್ತಿಟ್ಟು, ಸಂತನ ಕೊರಳಿನಿಂದ ಸೂಟಿನೊಳಗೆ ಇಳಿಬಿಟ್ಟಳು. ಹಿರಿಯಜ್ಜಿ ಮಾಡಿದ ಮೇಲೆ ಕೇಳುವವರು ಯಾರು? ಹಿಂದಿನವಳು ಒಂದು ಹಾಕಿದಳು. ಅದರ ಹಿಂದಿನವಳು ಭಕ್ತಿಯಲ್ಲಿ ತಾನೇನು ಕಡಿಮೆಯೇ ಎಂದು ಎರಡು ಹಾಕಿದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ನಾನೂ ಒಂದು ಹಾಕಿದೆ. ಅವು ಯಾರ ಆಲೂಗಡ್ಡೆ, ಯಾತಕ್ಕೆ ಸುಟ್ಟದ್ದು ಎಂದು ಆ ಗಂಡ ಹೆಂಡತಿಯನ್ನು ಬಿಟ್ಟರೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು. ಆದರೆ ಸಾಲಿನಲ್ಲಿ ನಿಂತು, ಹಾಡು ಹಾಡುತ್ತ, ಮುಂದಿನವಳ ಬೆನ್ನು ನೋಡುತ್ತ ಸಾಗಿದಾಗ ಮನುಷ್ಯನ ಬುದ್ಧಿ ಎಲ್ಲಿರುತ್ತದೋ ನನಗೆ ತಿಳಿಯದು. ಕೈ ತಾನಾಗಿಯೇ ಬುಟ್ಟಿಗೆ ಹೋಯಿತು.

ಬೆಲಾರ್ಮಿನೊ ಬಂದಾಗ ಬುಟ್ಟಿಯಲ್ಲಿ ಎರಡು ಉಳಿದಿದ್ದವು. ಸಂತ ಪೇದ್ರೊ ಬಸುರಿಯ ಹಾಗೆ ಮುಂದಕ್ಕೆ ಬಂದಿದ್ದ, ಡಾಲ್ಫಿನ್ನಿನ ನಗು ಕಿವಿಯವರೆಗೂ ಹಿಗ್ಗಿತ್ತು. ಒತೀಲಿಯಾ ಬಾವುಟವನ್ನು ಪಾದ್ರಿಯ ಕೈಗೆ ತುರುಕಿ ಓಡಿಬಂದಳು. ಹೊರಗೆ ತೆಗೆಯಿರಿ ಎಂದಳು. ಯಾರ ಕೈಯೂ ಮುಂದೆ ಬರಲಿಲ್ಲ. ಹರಕೆಯೆಂದು ಸಂತನಿಗೆ ಕೊಟ್ಟದ್ದನ್ನು ವಾಪಸ್ಸು ಕಿತ್ತುಕೊಂಡರೆ ಮನೆಗೆ ಒಳ್ಳೆಯದಾಗುತ್ತದೆಯೇ? ಪಾದ್ರಿಯನ್ನು ಕೇಳಿದೆವು. ಅವರು ಬಹಳ ಹೊತ್ತು ಯೋಚಿಸಿ, ಸಂತನಿಗೆ ಸಂದದ್ದನ್ನು ಮರಳಿ ತೆಗೆಯುವ ಅಧಿಕಾರ ತಮಗಿಲ್ಲ, ಬಿಷಪ್ಪರಿಗೆ ಪತ್ರ ಬರೆಯಬೇಕಾದೀತು ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಬೆಲಾರ್ಮಿನೊ ಕಡಲನ್ನು ನೋಡುತ್ತಿದ್ದ. ನೀರು ಇಳಿದಿತ್ತು. ಬಂಡೆಯ ಪಕ್ಕದಲ್ಲಿ ಅಲೆ ಒಡೆಯದ ನೀರಿನ ಓಣಿ ಇನ್ನರ್ಧ ಗಂಟೆಯಲ್ಲಿ ಮುಚ್ಚಿಹೋಗುತ್ತದೆ, ಹೋಗುವುದಾದರೆ ಈಗ, ಇಲ್ಲವಾದರೆ ಇಲ್ಲ ಎಂದ. ಎರಡು ಆಲೂಗಡ್ಡೆಗಳನ್ನು ಕಂಕುಳಿಗೆ ಒಂದೊಂದರಂತೆ ಇಟ್ಟುಕೊಂಡು, ಹೊಟ್ಟೆ ತುಂಬಿದ ಸಂತನನ್ನು ಹಲಗೆಯ ಮುಂಭಾಗಕ್ಕೆ ಅಂಗಾತ ಕಟ್ಟಿ, ಹೆಂಡತಿಯ ಮುಖ ನೋಡದೆ ನೀರಿಗಿಳಿದ.

ತೀರಿಹೋದ ನನ್ನ ಗಂಡನ ದುರ್ಬೀನು ನನ್ನ ಹತ್ತಿರವಿತ್ತು. ಹಾಗಾಗಿ ದಿಬ್ಬದ ಮೇಲೆ ನಿಂತ ಊರಿಗೆಲ್ಲ ನಾನೇ ಕಣ್ಣು. ಓಣಿಯಲ್ಲಿ ಚೆನ್ನಾಗಿಯೇ ಈಜುಗೈ ಹಾಕಿಕೊಂಡು ಹೋದ. ಬಂಡೆಯ ಮೇಲಿನ ಕಡಲಸಿಂಹಗಳು ಎದ್ದು ನಿಂತು ಸಂತನಿಗೆ ದಾರಿ ಬಿಟ್ಟವು. ಅದು ಭಕ್ತಿಯೋ ಗಾಬರಿಯೋ ಗೊತ್ತಿಲ್ಲ. ಬಂಡೆಯ ಆಚೆ ಮೂರು ಪ್ರಾರ್ಥನೆ ಹೇಳಬೇಕು, ಕೈ ನಿಲ್ಲಿಸಿ ಹೇಳಿದ. ಆಮೇಲೆ ಅವನ ಕೈಗಳು ನಿಧಾನವಾದವು. ಒಂದು ಸಲ ಕೈ ಹಾಕಿ, ಸುಮ್ಮನಾಗಿ, ಮತ್ತೆ ಒಂದು ಸಲ. ಹಿಂದಿನ ವರ್ಷ ಮನೆಯ ಕಡೆ ತೂರಾಡಿಕೊಂಡು ಬಂದಾಗಲೂ ಹೀಗೆಯೇ ಇತ್ತು.

ಅವನು ತೆವಳಿ ಮುಂದೆ ಹೋಗಿ, ಸಂತನ ಎದೆಯ ಜಿಪ್ಪನ್ನು ಹಲ್ಲಿನಿಂದ ಎಳೆದು, ಕೈ ಒಳಗೆ ಹಾಕಿದ.

"ಏನ್ ಮಾಡ್ತಿದಾನೆ ದೋನ್ಯಾ ಸುನಿಲ್ದಾ?" ಎಂದರು ಪಾದ್ರಿ.

"ಸಂತನ ಎದೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡ್ತಿದಾನೆ ಫಾದರ್."

"ಅಂಗಿ ಯಾಕೆ ಬಿಚ್ಚಿದಾನೆ?"

"ಆಳವಾದ ಪ್ರಾರ್ಥನೆ ಫಾದರ್."

ಒತೀಲಿಯಾ ದುರ್ಬೀನನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಎಷ್ಟು ಹೊತ್ತು ನೋಡಿದಳೋ. ಅವನು ಒಂದನ್ನು ಕೊರಳಿನಿಂದ ತನ್ನ ಸೂಟಿನೊಳಗೆ ಇಳಿಸಿಕೊಂಡ, ಇನ್ನೊಂದನ್ನು ಚೀಲಸಮೇತ ಕಚ್ಚಿ ತಿಂದ, ಮತ್ತೆ ಕೈ ಹಾಕಿದ. ಅಷ್ಟರಲ್ಲಿ ಬರಿಗಣ್ಣಿಗೂ ವಿಷಯ ತಿಳಿದು ಹೆಂಗಸರು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳತೊಡಗಿದ್ದರು. ತಮ್ಮ ತಮ್ಮ ಹರಕೆ ಒಂದೊಂದಾಗಿ ಲೂಟಿಯಾಗುತ್ತಿತ್ತು. ಆಗ ಆ ವರ್ಷದ ಯಜಮಾನಿ, ಸಂತನ ಮಾನ ಕಾಯಬೇಕಾದವಳು, ಗಾಳಿಗೆ ಎದುರಾಗಿ ಕೂಗಿದಳು.

"ಎಲ್ಲಾ ತಗೋ ಮುದುಕಾ. ಸಂತಂಗೆ ನಾನು ಹೇಳ್ಕೋತೀನಿ."

ಅವನಿಗೆ ಕೇಳಿಸಲು ಸಾಧ್ಯವೇ ಇರಲಿಲ್ಲ. ಫಿಲೊಮೆನಾ ಅಜ್ಜಿ ಏನಾಯಿತೆಂದು ಪಕ್ಕದವಳನ್ನು ಕೇಳಿ ತಿಳಿದುಕೊಂಡು, ತಾನು ಹಾಕಿದ್ದು ಎಲ್ಲಕ್ಕಿಂತ ದೊಡ್ಡದು, ಹೊಟ್ಟೆಯ ಹತ್ತಿರವಿದೆ, ಅದನ್ನು ಮೊದಲು ತೆಗೆದುಕೊಳ್ಳಲಿ ಎಂದಳು. ಅಜ್ಜಿ ಹೇಳಿದ ಮೇಲೆ ಉಳಿದವರ ಮನಸ್ಸೂ ತಿರುಗಿತು. ಎಡಗಡೆ ನೋಡು, ಕೆಳಗೆ ನೋಡು, ಸೊಂಟದಲ್ಲಿ ನನ್ನದಿದೆ ಎಂದು ದಿಬ್ಬದ ಮೇಲಿಂದ ಎಲ್ಲರೂ ಸಲಹೆ ಕೊಡಲು ಶುರುಮಾಡಿದರು. ಸಂತ ಬಡಕಲಾಗುತ್ತ ಬಂದ, ಬೆಲಾರ್ಮಿನೊ ದಪ್ಪಗಾಗುತ್ತ ಬಂದ. ಅವನ ಕೈ ಮತ್ತೆ ನೀರನ್ನು ಹಿಡಿಯತೊಡಗಿತು.

ದಡದ ಕಡೆ ತಿರುಗಿದ. ಹಿಂದಿನಿಂದ ಅಲೆಯೊಂದು ಎದ್ದಿತು, ಅಂಥದ್ದನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ತಪ್ಪಿಸಿಕೊಳ್ಳಲು ಎಡೆಯಿರಲಿಲ್ಲ. ಅವನು ಸಂತನ ಹಗ್ಗ ಬಿಚ್ಚಿ, ಹೆಗಲಿಗೇರಿಸಿಕೊಂಡು, ಮಂಡಿಯೂರಿ, ಆಮೇಲೆ ಎದ್ದು ನಿಂತ. ಕಡಲಿನ ಮೇಲೆ ನಮ್ಮ ಸಂತ ಪೇದ್ರೊ ನೇರಳೆ ಅಂಗಿಯಲ್ಲಿ, ಎದೆ ತೆರೆದುಕೊಂಡು, ಕೀಲಿಕೈ ಎತ್ತಿ ಹಿಡಿದು, ಬಸ್ಸಿನ ವೇಗದಲ್ಲಿ ಊರಿನ ಕಡೆ ಬರುತ್ತಿದ್ದ. ದಿಬ್ಬದ ಮೇಲೆ ಎಲ್ಲರೂ ಮಂಡಿಯೂರಿದರು. ವ್ಯಾನಿನ ಯುವಕರಿಬ್ಬರೂ ಮಂಡಿಯೂರಿದ ಮೇಲೆ ಇನ್ನೇನು ಹೇಳಲಿ. ಅಷ್ಟು ಹೊತ್ತಿಗೆ ಅಲೆ ಒಡೆಯಿತು, ಇಬ್ಬರೂ ಕಾಣದಾದರು.

ಮೊದಲು ಬಂದವು ಆಲೂಗಡ್ಡೆಗಳು. ಕಡಲಹಕ್ಕಿಗಳು ಅವುಗಳ ಮೇಲೆ ಮುಗಿಬಿದ್ದವು. ಆಮೇಲೆ ಸಂತ, ಅಂಗಾತ ತೇಲಿಕೊಂಡು, ಮೂಗು ಕರಗಿ, ಮರಳಿಗೆ ಬಂದು ತಲುಪಿದ. ಜನರೆಲ್ಲ ಅವನ ಕಡೆ ಓಡಿದರು. ಒತೀಲಿಯಾ ದುರ್ಬೀನು ಎಸೆದು ಓಡಿಬಂದು, ಮೂವತ್ತೊಂದು ವರ್ಷ ಕಾದಿದ್ದ ಆ ಸಂತನನ್ನು ದಾಟಿಕೊಂಡು, ಹೌದು, ಅವನ ಮೇಲಿಂದ ಕಾಲೆತ್ತಿ ದಾಟಿಕೊಂಡು, ಸೊಂಟದವರೆಗೆ ನೀರಿಗೆ ಹೋದಳು. ನಾವು ನಾಲ್ಕೈದು ಜನ ಹಿಂದೆ ಹೋಗಿ ಬೆಲಾರ್ಮಿನೊನನ್ನು ಎಳೆದು ತಂದೆವು. ಉಸಿರಿತ್ತು. ಕಣ್ಣು ತೆರೆದಿತ್ತು, ಆದರೆ ಆ ಕಣ್ಣು ನಮ್ಮನ್ನು ದಾಟಿ ಎಲ್ಲೋ ನೋಡುತ್ತಿತ್ತು. ನಡುಕವೂ ನಿಂತುಹೋಗಿತ್ತು. ಚಳಿಯ ಊರಿನವರಿಗೆ ಗೊತ್ತು, ನಡುಗುವವನು ಬದುಕುತ್ತಾನೆ, ನಡುಕ ನಿಂತವನಿಗೇ ಭಯಪಡಬೇಕು.

ಹತ್ತಿರದ ಒಲೆಯೆಂದರೆ ಮೇಲೆ ನನ್ನ ಅಂಗಡಿಯದು, ನೂರಾರು ಮೆಟ್ಟಿಲು. ಆಸ್ಪತ್ರೆಯ ಗಾಡಿ ಬರಲು ಒಂದು ಗಂಟೆ. ಸಂತನಿಗೆಂದು ಸಿಂಗರಿಸಿ ಮರಳಿನ ಮೇಲೆ ನಿಲ್ಲಿಸಿದ್ದ ದೋಣಿಯೊಳಗೆ ಬಲೆಗಳ ಮೇಲೆ ಅವನನ್ನು ಮಲಗಿಸಿ, ಸೂಟನ್ನು ಚಾಕುವಿನಿಂದ ಕುಯ್ದು ತೆಗೆದೆವು. ಒತೀಲಿಯಾ ದೋಣಿ ಹತ್ತಿದಳು. ನೆನೆದ ಲಂಗ ಕಳಚಿದಳು. ಆಮೇಲೆ ಮೇಲಿನ ಸ್ವೆಟರ್ ಕಳಚಿದಳು. ಅದರೊಳಗೆ ಇನ್ನೊಂದಿತ್ತು, ಅದನ್ನೂ ಕಳಚಿದಳು. ಹಾಗೆ ಐದು. ದಾರಿಯಲ್ಲಿ ಗಂಡನ ಕೈ ಹಿಡಿದು ನಡೆದರೆ ನಾಚುತ್ತಿದ್ದ ಹೆಂಗಸು ಅವಳು. ಕೊನೆಯದಕ್ಕೆ ಕೈ ಹಾಕಿ ನಮ್ಮನ್ನು ನೋಡಿದಳು.

"ಆ ಕಡೆ ತಿರುಗ್ರಿ ಎಲ್ಲಾರೂ."

ಊರಿಗೆ ಊರೇ ತಿರುಗಿತು. ಗಾಳಿ ಒಳಗೆ ನುಗ್ಗದ ಹಾಗೆ ದೋಣಿಯ ಸುತ್ತ ಭುಜಕ್ಕೆ ಭುಜ ತಾಗಿಸಿ, ಬೆನ್ನು ಒಳಗೆ ಮಾಡಿ ನಿಂತೆವು: ಪಾದ್ರಿ, ಬಂದರಿನ ಅಧಿಕಾರಿ, ಫಿಲೊಮೆನಾ ಅಜ್ಜಿ, ವ್ಯಾನಿನವರು, ಯಾರದೋ ತೋಳಿನಲ್ಲಿ ಮೂಗಿಲ್ಲದ ಸಂತ, ಅವನ ಬೆನ್ನೂ ದೋಣಿಯ ಕಡೆಗೇ. ಹಿಂದೆ ಬರಿಮೈ ಬರಿಮೈಗೆ ತಾಗಿ ಮಲಗಿದೆ ಎಂಬ ಸಂಕೋಚಕ್ಕೆ ಯಾರೋ ಸಂತನ ಹಾಡು ತೆಗೆದರು, ನಾವೆಲ್ಲ ದನಿಗೂಡಿಸಿದೆವು. ಹನ್ನೊಂದು ನುಡಿಯ ಹಾಡು. ನಾನು ಹಾಡಲಿಲ್ಲ. ನಾನು ಸಂತನಿಗೆ ಹಾಕಿದ ಆ ಒಂದು ಆಲೂಗಡ್ಡೆಯನ್ನು ಅವನಿಗೇ ಬಿಟ್ಟಿದ್ದರೆ ಎಂದು ಅಳುತ್ತಿದ್ದೆ, ಕಣ್ಣೀರು ಗಾಳಿಗೆ ಕಿವಿಯ ಕಡೆ ಹರಿಯುತ್ತಿತ್ತು. ಹಾಡು ಒಮ್ಮೆ ಮುಗಿಯಿತು. ಹಿಂದೆ ಸದ್ದಿಲ್ಲ. ಇನ್ನೊಮ್ಮೆ ಹಾಡಿದರು. ಅದು ಮುಗಿಯುವ ಹೊತ್ತಿಗೆ ದೋಣಿಯ ಹಲಗೆ ಗಡಗಡ ಎನ್ನತೊಡಗಿತು. ಅವನು ನಡುಗುತ್ತಿದ್ದ. ಪಾದ್ರಿಯ ಬಾಯಲ್ಲಿ ಹಾಡು ಅರ್ಧಕ್ಕೆ ನಿಂತಿತು.

ಆಮೇಲೆ ಬೆಲಾರ್ಮಿನೊವಿನ ದನಿ ಕೇಳಿಸಿತು, ತೊದಲುತ್ತ, ಸಿಡುಕುತ್ತ.

"ನಿನ್ನ ಕಾಲು ಮಂಜುಗಡ್ಡೆ ಕಣೇ ಒತೀಲಿಯಾ. ಆಚೆ ಇಡು."

"ಇಡಲ್ಲ" ಎಂದಳು ಅವಳು. ಅಳುತ್ತಿದ್ದಳು.

ನಮ್ಮಲ್ಲಿ ಒಬ್ಬರೂ ಹಿಂದಿರುಗಿ ನೋಡಲಿಲ್ಲ. ಭುಜವನ್ನು ಇನ್ನಷ್ಟು ಹತ್ತಿರ ತಂದುಕೊಂಡು, ಹಾಡನ್ನು ಮತ್ತೆ ಮೊದಲಿನಿಂದ ಶುರುಮಾಡಿದೆವು.